ಸಣ್ಣ ರಂಧ್ರದ ಬೆನ್ನು ಚಿಕಿತ್ಸೆ: ಮನೆಗೆ ಬಂದ ಮೇಲೆ ಕಣ್ಣಿಡಬೇಕಾದದ್ದು ಎಲ್ಲಿ?

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆಪರೇಷನ್ ಥಿಯೇಟರಿಗೆ ಹೋದವರು ಸಂಜೆಗೆ ಎದ್ದು ವಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆಯುತ್ತಾರೆ. ಮರುದಿನ ಇಡ್ಲಿ ತಿಂದು, ಬಿಲ್ಲು ಕಟ್ಟಿ, ಎಂಆರ್‌ಐ ಫಿಲ್ಮಿನ ದೊಡ್ಡ ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೊರಡುತ್ತಾರೆ. ಸೊಂಟದ ಮೇಲೆ ಅಂಗೈಗಿಂತ ಚಿಕ್ಕ ಬ್ಯಾಂಡೇಜು. ನೋಡಲು ಬಂದ ನೆಂಟರಿಗೆ ‘ಇಷ್ಟೇನಾ?’ ಅನ್ನಿಸುತ್ತದೆ. ಬೆನ್ನಿನ ಆಪರೇಷನ್ ಅಂದರೆ ವಾರಗಟ್ಟಲೆ ಅಂಗಾತ ಮಲಗಿರಬೇಕು ಎಂದು ಹೆದರಿಸುತ್ತಿದ್ದ ಕಾಲವನ್ನು ಕಂಡವರಿಗಂತೂ ನಂಬಿಕೆಯೇ ಬರುವುದಿಲ್ಲ.

ಬೇಗ ಮನೆಗೆ ಬರುವುದು ಒಳ್ಳೆಯದೇ. ಆದರೆ ಹಿಂದೆ ವಾರವಿಡೀ ವಾರ್ಡಿನ ಸಿಸ್ಟರು ಮಾಡುತ್ತಿದ್ದ ಕೆಲಸವಿತ್ತಲ್ಲ, ‘ಕಾಲು ಆಡಿಸಿ ನೋಡೋಣ’ ಅನ್ನುವುದು, ಮೂತ್ರ ಹೋಯಿತೇ ಎಂದು ಕೇಳುವುದು, ಜ್ವರ ನೋಡುವುದು, ಗಾಯದ ಬಟ್ಟೆ ಒದ್ದೆಯಾಗಿದೆಯೇ ಎಂದು ಮಗ್ಗುಲಾಗಿಸಿ ನೋಡುವುದು, ಅದೆಲ್ಲ ಈಗ ಮನೆಯವರ ಪಾಲಿಗೆ ಬಂದಿದೆ. ಬಂದಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ಡಿಸ್ಚಾರ್ಜ್ ಸಮ್ಮರಿಯ ಕೊನೆಯಲ್ಲಿ ತೊಂದರೆಯಾದರೆ ಬನ್ನಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಇರಬಹುದು. ಯಾವ ತೊಂದರೆಗೆ ನಾಳೆಯವರೆಗೆ ಕಾಯಬಹುದು, ಯಾವುದಕ್ಕೆ ಈ ರಾತ್ರಿಯೇ ಗಾಡಿ ಹತ್ತಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ಗಂಭೀರ ತೊಡಕುಗಳು ಅಪರೂಪ. ಬಂದರೆ ಮಾತ್ರ, ಕಾಲಿನ ಶಕ್ತಿಯೂ ಮೂತ್ರದ ಹಿಡಿತವೂ ಉಳಿಯುವುದು ಅದನ್ನು ಎಷ್ಟು ಬೇಗ ಗುರುತಿಸಿದರು ಎಂಬುದರ ಮೇಲೆ.

ಚರ್ಮದ ಗಾಯ ಸಣ್ಣದು, ಒಳಗಿನ ಜಾಗ ಅದೇ

ಸಣ್ಣ ರಂಧ್ರದ ಬೆನ್ನು ಚಿಕಿತ್ಸೆ ಎಂಬ ಒಂದೇ ಮಾತಿನಡಿ ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಜಾರಿದ ಡಿಸ್ಕಿನ ತುಣುಕನ್ನು ಸಣ್ಣ ಕೊಳವೆಯ ಮೂಲಕವೋ ಎಂಡೋಸ್ಕೋಪ್ ತೂರಿಸಿಯೋ ತೆಗೆಯುವುದು, ಒತ್ತಿಕೊಂಡ ನರಕ್ಕೆ ಜಾಗ ಮಾಡಿಕೊಡುವುದು, ಚರ್ಮದ ಮೇಲಿಂದಲೇ ಸ್ಕ್ರೂ ಕೂರಿಸುವುದು, ಕುಸಿದ ಮೂಳೆಗೆ ಸೂಜಿಯಲ್ಲಿ ಸಿಮೆಂಟ್ ತುಂಬುವುದು, ನರದ ಬುಡಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದು, ಡಿಸ್ಕಿಗೆ ಓಝೋನ್ ಬಿಡುವುದು, ನೋವು ಒಯ್ಯುವ ಸಣ್ಣ ನರವನ್ನು ರೇಡಿಯೋಫ್ರೀಕ್ವೆನ್ಸಿಯ ಬಿಸಿಯಲ್ಲಿ ಸುಡುವುದು. ಜಾಹೀರಾತುಗಳು ಇವೆಲ್ಲಕ್ಕೂ ‘ಲೇಸರ್’ ಎಂಬ ಹೆಸರು ಅಂಟಿಸುವುದುಂಟು. ಹಾಗೆ ಹೇಳಿದರೆ, ನಿಮಗೆ ಮಾಡುವುದು ಇವುಗಳಲ್ಲಿ ಯಾವುದು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ತೊಡಕು ಯಾವುದು ಬರಬಹುದು ಎಂಬುದು ಅದರ ಮೇಲೆಯೇ ನಿಂತಿದೆ.

ಇವುಗಳಲ್ಲಿ ಚರ್ಮಕ್ಕೂ ಸ್ನಾಯುವಿಗೂ ಆಗುವ ಪೆಟ್ಟು ನಿಜಕ್ಕೂ ಕಡಿಮೆ. ಆದರೆ ಸೂಜಿಯ ತುದಿಯೋ ಕೊಳವೆಯ ತುದಿಯೋ ಹೋಗಿ ನಿಲ್ಲುವುದು ಹಳೆಯ ದೊಡ್ಡ ಆಪರೇಷನ್ನಿನ ಜಾಗದಲ್ಲೇ. ಪಕ್ಕದಲ್ಲಿ ನರದ ಬುಡ, ನರಗಳ ಸುತ್ತ ನೀರನ್ನು ಹಿಡಿದಿಟ್ಟುಕೊಂಡ ತೆಳು ಪೊರೆ, ಡಿಸ್ಕಿನ ಮುಂದುಗಡೆ ಹೊಟ್ಟೆಯ ದೊಡ್ಡ ರಕ್ತನಾಳಗಳು. ಕಿರಿದಾದ ಕೊಳವೆಯಲ್ಲಿ ವೈದ್ಯರ ಕಣ್ಣಿಗೆ ಬೀಳುವುದೂ ಕಿರಿದು; ಪೊರೆ ಹರಿದರೆ ಆ ಇಕ್ಕಟ್ಟಿನಲ್ಲಿ ಹೊಲಿಗೆ ಹಾಕುವುದು ಸುಲಭವಲ್ಲ. 2014ರಲ್ಲಿ ಕೋಕ್ರೇನ್ ಸಂಸ್ಥೆ ಡಿಸ್ಕ್ ಆಪರೇಷನ್ನುಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಸಣ್ಣ ರಂಧ್ರದ ವಿಧಾನದಲ್ಲಿ ಗಾಯದ ಸೋಂಕು ಕಡಿಮೆ ಇರಬಹುದು, ಆದರೆ ಕಾಲುನೋವು ಇಳಿಯುವುದರಲ್ಲೂ ಮತ್ತೆ ಆಸ್ಪತ್ರೆ ಸೇರಬೇಕಾಗುವುದರಲ್ಲೂ ಅದು ರೂಢಿಯ ವಿಧಾನಕ್ಕಿಂತ ತುಸು ಹಿಂದೆಯೇ ಇರಬಹುದು ಎಂದು ಹೇಳಿತು. ಪಳಗಿದ ಕೈಯಲ್ಲಿ ಇದು ಒಳ್ಳೆಯ ಚಿಕಿತ್ಸೆ. ಗಾಯ ಸಣ್ಣದು ಎಂಬ ಒಂದೇ ಕಾರಣಕ್ಕೆ ಅಪಾಯವೂ ಸಣ್ಣದು ಎಂದುಕೊಳ್ಳಬಾರದು, ಇಷ್ಟೇ ನನ್ನ ವಾದ.

ಹೆದರಬೇಕಿಲ್ಲದ್ದು ಯಾವುದು ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಾಯದ ಸುತ್ತ ನಾಲ್ಕಾರು ದಿನ ನೋವು ಇದ್ದೇ ಇರುತ್ತದೆ. ಮೊದಲ ಒಂದೆರಡು ದಿನ ಮೈ ಸ್ವಲ್ಪ ಬಿಸಿಯಾಗಬಹುದು. ವರ್ಷದಿಂದ ಒತ್ತಿಕೊಂಡಿದ್ದ ನರ ಸಡಿಲಾದ ಮೇಲೂ ಪಾದದಲ್ಲಿ ಜೋಮು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಇದ್ದದ್ದು ನಿಧಾನವಾಗಿ ಇಳಿಯುತ್ತಿದ್ದರೆ ಕಾಯಬಹುದು. ಇಲ್ಲದ್ದು ಹೊಸದಾಗಿ ಬಂದರೆ, ಇಳಿದದ್ದು ಮತ್ತೆ ಏರಿದರೆ ಕಾಯುವಂತಿಲ್ಲ.

ಮೊದಲ ರಾತ್ರಿ: ಕಾಲಿನ ಶಕ್ತಿ, ಮೂತ್ರದ ದಾರಿ

ಬೆನ್ನುಹುರಿ ಸೊಂಟದ ತುದಿಯವರೆಗೂ ಇರುವುದಿಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಎರಡು ಮೂಳೆಗಳ ಮಟ್ಟದಲ್ಲೇ ಮುಗಿದು, ಅಲ್ಲಿಂದ ಕೆಳಗೆ ನರಗಳ ಗೊಂಚಲೊಂದು ಇಳಿಯುತ್ತದೆ. ಕಾಲು, ಮೂತ್ರ, ಮಲ, ಲೈಂಗಿಕ ಸಂವೇದನೆ ಎಲ್ಲದರ ನರಗಳೂ ಆ ಗೊಂಚಲಿನಲ್ಲೇ ಇವೆ. ಆಪರೇಷನ್ ಆದ ಜಾಗದಲ್ಲಿ ಒಳಗೊಳಗೇ ರಕ್ತ ಒಸರಿ ಹೆಪ್ಪುಗಟ್ಟಿದರೆ ಈ ಗೊಂಚಲು ನಜ್ಜಾಗುತ್ತದೆ. ಉಳಿದಿದ್ದ ಡಿಸ್ಕಿನ ತುಂಡು ಮತ್ತೆ ಜಾರಿದರೂ ಅದೇ ಗತಿ. ವೈದ್ಯರು ಇದನ್ನು ಕಾಡಾ ಇಕ್ವೈನಾ ಸಿಂಡ್ರೋಮ್ ಎನ್ನುತ್ತಾರೆ. ರಕ್ತ ಹೆಪ್ಪುಗಟ್ಟುವ ತೊಡಕು ಸಾಮಾನ್ಯವಾಗಿ ಮೊದಲ 24 ತಾಸಿನೊಳಗೇ ಕಾಣಿಸಿಕೊಳ್ಳುತ್ತದೆ. ಅಂದರೆ ನೀವು ಆಸ್ಪತ್ರೆಯಿಂದ ಹೊರಟು ಊರಿನ ದಾರಿಯಲ್ಲಿರುವ ಹೊತ್ತಿಗೆ.

ಇದರ ಗುರುತುಗಳು ನೋವಿಗಿಂತ ಹೆಚ್ಚಾಗಿ ಬಚ್ಚಲಲ್ಲಿ ಸಿಗುತ್ತವೆ. ಸೈಕಲ್ ಸೀಟಿಗೆ ತಾಗುವ ಜಾಗ, ಅಂದರೆ ತೊಡೆಸಂದು, ಜನನಾಂಗ, ಗುದದ ಸುತ್ತ, ಮರಗಟ್ಟುತ್ತದೆ. ತೊಳೆದುಕೊಳ್ಳುವಾಗ ನೀರು ತಾಗಿದ್ದೇ ಗೊತ್ತಾಗುವುದಿಲ್ಲ. ಹೊಟ್ಟೆಯ ಕೆಳಭಾಗ ಬಿಗಿದಿದ್ದರೂ ಮೂತ್ರ ಬರುವುದಿಲ್ಲ. ಅಥವಾ ಬರಬೇಕು ಎಂಬ ಒತ್ತಡವೇ ಇರುವುದಿಲ್ಲ. ಕೆಲವರಿಗೆ ಬಟ್ಟೆಯಲ್ಲಿ ಹನಿಹನಿಯಾಗಿ ಹೋಗುತ್ತಿರುತ್ತದೆ. ಹೋಗುತ್ತಿದೆಯಲ್ಲ ಎಂದು ಮನೆಯವರು ಸಮಾಧಾನ ಪಡುತ್ತಾರೆ, ಆದರೆ ಅದು ತುಂಬಿ ಉಕ್ಕುತ್ತಿರುವ ಮೂತ್ರಕೋಶ. ವಯಸ್ಸಾದ ಗಂಡಸರಲ್ಲಿ ‘ಪ್ರಾಸ್ಟೇಟ್ ಇರಬೇಕು’ ಎಂಬ ಮಾತಿನಲ್ಲಿ ಇದು ಮುಚ್ಚಿಹೋಗುತ್ತದೆ. ಹೆಂಗಸರು ಮಗನ ಮುಂದೆ, ಅಳಿಯನ ಮುಂದೆ ಈ ಜಾಗದ ಮಾತೇ ಎತ್ತುವುದಿಲ್ಲ.

‘ಬೆಳಿಗ್ಗೆಯಿಂದ ಒಂದಕ್ಕೆ ಹೋಗೇ ಇಲ್ವಲ್ಲ ನೀವು?’

‘ನೀರೇ ಕುಡಿದಿಲ್ಲ ಕಣೆ. ಆಮೇಲೆ ಹೋಗ್ತೀನಿ ಬಿಡು.’

ಈ ಮಾತು ಇಲ್ಲಿಗೆ ನಿಲ್ಲಬಾರದು. ಅರಿವಳಿಕೆಯಿಂದ, ನೋವಿನ ಮದ್ದಿನಿಂದಲೂ ಮೊದಲ ದಿನ ಮೂತ್ರ ಕಟ್ಟಬಹುದು, ನಿಜ. ಯಾವುದರಿಂದ ಕಟ್ಟಿದೆ ಎಂದು ಮನೆಯಲ್ಲಿ ಕೂತು ತೀರ್ಮಾನಿಸಲು ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಮೊದಲ ಎರಡು ದಿನ ಪ್ರತಿ ಸಲ ಮೂತ್ರಕ್ಕೆ ಹೋದ ಹೊತ್ತನ್ನು ಕ್ಯಾಲೆಂಡರಿನ ಹಿಂದೆ ಬರೆಯಿರಿ. ಆರರಿಂದ ಎಂಟು ತಾಸು ಹೋಗಿಲ್ಲವೆಂದರೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮೂತ್ರ ಮಾಡಿಸಿ, ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟು ಒಳಗೆ ಎಷ್ಟು ಉಳಿದಿದೆ ನೋಡುತ್ತಾರೆ. 200 ಮಿಲಿಲೀಟರಿಗಿಂತ ಹೆಚ್ಚು ಉಳಿದಿದ್ದರೆ ನರದ ಮೇಲೆ ಅನುಮಾನ ಬಲವಾಗುತ್ತದೆ, ತುರ್ತಾಗಿ ಎಂಆರ್‌ಐ ಆಗಬೇಕು. ಒತ್ತುತ್ತಿರುವುದು ಸಿಕ್ಕರೆ ಮತ್ತೆ ಥಿಯೇಟರಿಗೆ. 24ರಿಂದ 48 ತಾಸಿನೊಳಗೆ ಒತ್ತಡ ಬಿಡಿಸಬೇಕು ಎಂಬುದು ಹಳೆಯ ಲೆಕ್ಕ. ಮೂತ್ರ ಪೂರ್ತಿ ಕಟ್ಟುವ ಮೊದಲೇ, ಎಷ್ಟು ಬೇಗವೋ ಅಷ್ಟು ಬೇಗ ಎಂಬುದು ಈಗಿನ ಮಾತು. ತಡವಾದರೆ ಜೀವನವಿಡೀ ಕ್ಯಾತಿಟರ್ ಹಿಡಿದೇ ಓಡಾಡಬೇಕಾಗಬಹುದು.

ಕಾಲಿನ ಪರೀಕ್ಷೆ ಮನೆಯಲ್ಲಿ ಎರಡು ನಿಮಿಷದ್ದು. ಮಂಚದ ಮೇಲೆ ಮಲಗಿದವರ ಪಾದದ ಹೆಬ್ಬೆರಳ ಮೇಲೆ ನಿಮ್ಮ ಬೆರಳಿಟ್ಟು ಮೆಲ್ಲಗೆ ಕೆಳಗೊತ್ತಿ, ಅವರು ಮೇಲೆತ್ತಲಿ. ಎರಡೂ ಕಾಲಿನಲ್ಲಿ ಮಾಡಿ. ಆಮೇಲೆ ಪಾದವನ್ನು ಇಡಿಯಾಗಿ ಮೂಗಿನ ಕಡೆ ಎಳೆದುಕೊಳ್ಳಲಿ, ನಿಮ್ಮ ಅಂಗೈಯನ್ನು ಕಾರಿನ ಬ್ರೇಕ್ ಒತ್ತುವಂತೆ ಒತ್ತಲಿ. ನಡೆಯಲು ಅನುಮತಿ ಇದ್ದರೆ ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ. ಹತ್ತಿಯನ್ನು ತೊಡೆಯಿಂದ ಪಾದದವರೆಗೆ ಸವರಿ, ಎರಡೂ ಕಡೆ ಒಂದೇ ಥರ ಗೊತ್ತಾಗುತ್ತದೆಯೇ ಕೇಳಿ. ಇದನ್ನು ಆಪರೇಷನ್ನಿಗೆ ಮುಂಚಿನ ದಿನವೇ ಒಮ್ಮೆ ಮಾಡಿ ಬರೆದಿಟ್ಟುಕೊಂಡಿದ್ದರೆ ಅದರ ಬೆಲೆ ಆಮೇಲೆ ಗೊತ್ತಾಗುತ್ತದೆ. ‘ಈ ಬೆರಳು ಮೊದಲೇ ಎತ್ತುತ್ತಿರಲಿಲ್ಲವೋ, ಈಗ ನಿಂತಿತೋ’ ಎಂಬ ಪ್ರಶ್ನೆಗೆ ರಾತ್ರಿ ಹನ್ನೆರಡಕ್ಕೆ ಡ್ಯೂಟಿ ಡಾಕ್ಟರ ಮುಂದೆ ತಡವರಿಸುವ ಕುಟುಂಬಗಳೇ ಹೆಚ್ಚು.

ಅಂದಹಾಗೆ, ಮರಗಟ್ಟಿದ ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ. ಬಿಸಿ ಗೊತ್ತಾಗದೆ ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ. ಎಣ್ಣೆ ಹಚ್ಚಿ ತಿಕ್ಕಿಸುವುದೂ ಬೇಡ.

ಡಿಸ್ಕಿನ ಮುಂದಿರುವ ದೊಡ್ಡ ರಕ್ತನಾಳಕ್ಕೆ ಸಾಧನ ತಾಗುವುದು ಇನ್ನೂ ಅಪರೂಪ, ಹತ್ತು ಸಾವಿರದಲ್ಲಿ ಕೆಲವರಿಗೆ. ಬಿಪಿ ಕುಸಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಅದು ಬಹುತೇಕ ಥಿಯೇಟರಿನಲ್ಲೋ ರಿಕವರಿ ಕೋಣೆಯಲ್ಲೋ ಗೊತ್ತಾಗುವ ಸಂಗತಿ. ಆದ್ದರಿಂದಲೇ ರಕ್ತನಾಳದ ಸರ್ಜನ್, ರಕ್ತನಿಧಿ ಎರಡೂ ಕೈಗೆಟುಕುವ ಆಸ್ಪತ್ರೆ ಬೇಕು ಎನ್ನುವುದು.

ಎದ್ದರೆ ತಲೆನೋವು, ಮಲಗಿದರೆ ಇಲ್ಲ

ನರಗಳ ಸುತ್ತಲಿನ ಪೊರೆ ಹರಿಯುವುದು ಬೆನ್ನಿನ ಆಪರೇಷನ್ನುಗಳಲ್ಲಿ ಅಷ್ಟೇನೂ ಅಪರೂಪವಲ್ಲ, ನೂರರಲ್ಲಿ ಕೆಲವರಿಗೆ ಆಗುತ್ತದೆ. ಅಲ್ಲೇ ಗೊತ್ತಾಗಿ ಮುಚ್ಚಿದರೆ ಹೆಚ್ಚಿನವರಿಗೆ ಏನೂ ಉಳಿಯುವುದಿಲ್ಲ. ಗೊತ್ತಾಗದೆ ಉಳಿದರೆ ಒಳಗಿನ ನೀರು ಸೋರತೊಡಗುತ್ತದೆ. ಅದರ ತಲೆನೋವಿಗೆ ಒಂದು ಸ್ಪಷ್ಟ ಗುಣವಿದೆ: ಕೂತರೆ, ನಿಂತರೆ ಏರುತ್ತದೆ, ಮಲಗಿದ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ವಾಕರಿಕೆ, ಕಿವಿಯಲ್ಲಿ ಗುಂಯ್‌ ಶಬ್ದ ಜೊತೆಗಿರಬಹುದು. ಬ್ಯಾಂಡೇಜಿನ ಮೇಲೆ ರಕ್ತದ ಕಲೆಯ ಸುತ್ತ ತಿಳಿನೀರಿನ ಉಂಗುರ ಕಂಡರೆ, ಅಥವಾ ಬದಲಿಸಿದಷ್ಟೂ ತಿಳಿನೀರಲ್ಲಿ ತೋಯುತ್ತಿದ್ದರೆ, ಅಥವಾ ಹೊಲಿಗೆಯ ಕೆಳಗೆ ಮೆತ್ತಗಿನ ಉಬ್ಬು ಬೆಳೆಯುತ್ತಿದ್ದರೆ, ಮೇಲೊಂದು ಪ್ಲಾಸ್ಟರ್ ಒತ್ತಿ ಸುಮ್ಮನಾಗಬೇಡಿ. ನೀರು ಹೊರಬರುವ ದಾರಿಯಲ್ಲಿ ರೋಗಾಣು ಒಳಗೂ ಹೋಗಬಲ್ಲದು. ಆಮೇಲೆ ಬರುವುದು ಮೆದುಳಿನ ಪೊರೆಯ ಉರಿಯೂತ. ಜ್ವರ, ಕುತ್ತಿಗೆ ಬಿಗಿತ, ಬೆಳಕು ಕಂಡರೆ ಕಣ್ಣು ಮುಚ್ಚುವುದು ಶುರುವಾದರೆ ಬೆಳಗಾಗಲಿ ಎಂದು ಕಾಯುವ ಪ್ರಶ್ನೆಯೇ ಇಲ್ಲ.

ಎರಡನೇ ವಾರದ ಮೋಸ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಆಳದ ಸೋಂಕು, ಏಕೆಂದರೆ ಅದು ಗುಣವಾದ ಮೇಲೆ ಬರುತ್ತದೆ. ಆಪರೇಷನ್ ಆಯಿತು, ಕಾಲಿನ ಸೆಳೆತ ಹೋಯಿತು, ಮನೆಮಂದಿಯೆಲ್ಲ ನಿಟ್ಟುಸಿರು ಬಿಟ್ಟರು. ಎರಡನೇ ವಾರವೋ ಮೂರನೇ ವಾರವೋ ಸೊಂಟದಲ್ಲಿ ಬೇರೆಯೇ ಒಂದು ನೋವು ಶುರು. ಕಾಲಿಗೆ ಇಳಿಯುವುದಿಲ್ಲ. ಮಗ್ಗುಲು ಬದಲಿಸಿದರೆ, ಮಂಚ ಅಲುಗಿದರೆ ಸಾಕು, ಕೂಗುವಷ್ಟು. ರಾತ್ರಿ ಹೆಚ್ಚು. ಹೊರಗಿನ ಹೊಲಿಗೆ ಮಾತ್ರ ಒಣಗಿ ಚೆಂದವಾಗಿ ಕೂಡಿಕೊಂಡಿರುತ್ತದೆ. ಜ್ವರ ಇರಬೇಕೆಂದೇನೂ ಇಲ್ಲ. ‘ಎಲ್ಲೋ ಭಾರ ಎತ್ತಿರಬೇಕು, ಬಗ್ಗಿರಬೇಕು’ ಎಂದು ಪೇಷಂಟಿನ ಮೇಲೆಯೇ ತಪ್ಪು ಹೊರಿಸಿ ಇನ್ನೆರಡು ವಾರ ಕಳೆಯುವುದು ಈ ಹಂತದಲ್ಲೇ.

ಡಿಸ್ಕಿನ ಜಾಗಕ್ಕೆ ರಕ್ತ ಸಂಚಾರ ಕಡಿಮೆ. ಅಲ್ಲಿ ಸೇರಿದ ಸೋಂಕನ್ನು ಮೈ ತಾನಾಗಿ ಓಡಿಸುವುದು ಕಷ್ಟ, ಮದ್ದು ತಲುಪುವುದೂ ನಿಧಾನ. ಅದು ಹಿಂದಕ್ಕೆ ಹರಡಿ ಪೊರೆಯ ಹೊರಗೆ ಕೀವು ಕಟ್ಟಿದರೆ ಬೆನ್ನುನೋವು, ಜ್ವರ, ಕಾಲಿನ ಬಲಹೀನತೆ ಮೂರೂ ಬರುತ್ತವೆ ಎಂದು ಪುಸ್ತಕಗಳು ಹೇಳುತ್ತವೆ. ಮೂರೂ ಒಟ್ಟಿಗೆ ಕಾಣುವುದು ಕೆಲವರಲ್ಲಿ ಮಾತ್ರ. ಮೂರನೆಯದಕ್ಕಾಗಿ ಕಾದರೆ ಕಾಲು ಹೋಗುತ್ತದೆ. ಇಲ್ಲಿ ನೆರವಿಗೆ ಬರುವುದು ಸಿಆರ್‌ಪಿ ಎಂಬ ಅಗ್ಗದ ರಕ್ತಪರೀಕ್ಷೆ. ಯಾವ ಆಪರೇಷನ್ ಆದರೂ ಅದು ಎರಡು-ಮೂರನೇ ದಿನ ಏರಿ, ಸುಮಾರು ಎರಡು ವಾರದಲ್ಲಿ ತನ್ನ ಮಟ್ಟಕ್ಕೆ ಇಳಿಯುತ್ತದೆ. ಇಳಿಯದಿದ್ದರೆ, ಇಳಿದದ್ದು ಮತ್ತೆ ಏರಿದರೆ, ಎಂಆರ್‌ಐ ಬೇಕು. ಇಎಸ್‌ಆರ್ ಎಂಬ ಇನ್ನೊಂದು ರಕ್ತಪರೀಕ್ಷೆಯ ಮಟ್ಟ ಇಳಿಯಲು ಇನ್ನೂ ಹೆಚ್ಚು ದಿನ ಹಿಡಿಯುತ್ತದೆ, ಅದೊಂದನ್ನೇ ನೋಡಿ ಗಾಬರಿಯಾಗಬೇಡಿ.

ಈ ಹಂತದಲ್ಲಿ ಮೆಡಿಕಲ್ ಶಾಪಿನಿಂದ ಐದು ದಿನದ ಆ್ಯಂಟಿಬಯೋಟಿಕ್ ತಂದು ನುಂಗಿಸುವುದು ದೊಡ್ಡ ತಪ್ಪು. ಸೋಂಕು ಸಾಯುವುದಿಲ್ಲ, ಅಡಗುತ್ತದೆ. ಆಮೇಲೆ ರಕ್ತದ ಕಲ್ಚರಿನಲ್ಲೂ ಸೂಜಿ ಹಾಕಿ ತೆಗೆದ ತುಣುಕಿನಲ್ಲೂ ಯಾವ ರೋಗಾಣು ಎಂದು ತಿಳಿಯುವುದಿಲ್ಲ. ನಮ್ಮಲ್ಲಿ ಬೆನ್ನುಮೂಳೆಯ ಟಿಬಿಯೂ ಸಾಮಾನ್ಯವಾದ್ದರಿಂದ, ತುಣುಕು ಪರೀಕ್ಷಿಸದೆ ಊಹೆಯ ಮೇಲೆ ಮದ್ದು ಶುರು ಮಾಡಿದರೆ ತಿಂಗಳುಗಟ್ಟಲೆ ತಪ್ಪು ದಾರಿಯಲ್ಲಿ ಸಾಗಬಹುದು. ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್‌ನಲ್ಲಿ ಇರುವವರು, ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು, ಬೀಡಿ-ಸಿಗರೇಟು ಬಿಡದವರು ಇದರಲ್ಲಿ ಹೆಚ್ಚು ಎಚ್ಚರವಾಗಿರಬೇಕು.

ನ್ಯಾಶ್‌ವಿಲ್‌ನ ಒಬ್ಬ ವೈದ್ಯೆ ಕೇಳಿದ ಪ್ರಶ್ನೆ

ಬರೀ ಒಂದು ಸೂಜಿ, ಹತ್ತು ನಿಮಿಷದ ಕೆಲಸ ಎಂಬ ಬೆನ್ನಿನ ಇಂಜೆಕ್ಷನ್ ಏನು ಮಾಡಬಲ್ಲದು ಎಂಬುದಕ್ಕೆ 2012ರ ಅಮೆರಿಕದ ಘಟನೆಯಷ್ಟು ದೊಡ್ಡ ಉದಾಹರಣೆ ಇನ್ನೊಂದಿಲ್ಲ. ಆ ಸೆಪ್ಟೆಂಬರಿನಲ್ಲಿ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಒಬ್ಬ ರೋಗಿ ಮೆದುಳಿನ ಪೊರೆಯ ಉರಿಯೂತದಿಂದ ನರಳುತ್ತಿದ್ದರು. ರೂಢಿಯ ಮದ್ದುಗಳಿಗೆ ಬಗ್ಗುತ್ತಿರಲಿಲ್ಲ. ಬೆನ್ನಿನ ನೀರಿನಲ್ಲಿ ಶಿಲೀಂಧ್ರ ಬೆಳೆಯಿತು. ಆರೋಗ್ಯವಂತರ ಮೆದುಳಿನ ಪೊರೆಗೆ ಶಿಲೀಂಧ್ರ ಬರುವುದು ತೀರಾ ವಿಚಿತ್ರ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯೆ ಏಪ್ರಿಲ್ ಪೆಟಿಟ್ ಈಚೆಗೆ ಏನೇನು ಚಿಕಿತ್ಸೆ ಆಗಿದೆ ಎಂದು ಕೆದಕಿದಾಗ, ಕೆಲವು ವಾರಗಳ ಹಿಂದೆ ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಂಡದ್ದು ಹೊರಬಿತ್ತು. ಸೆಪ್ಟೆಂಬರ್ 18ರಂದು ಅವರು ರಾಜ್ಯದ ಆರೋಗ್ಯ ಇಲಾಖೆಗೆ ತಿಳಿಸಿದರು. ಹುಡುಕಿದರೆ ಅಂಥವರೇ ಇನ್ನಷ್ಟು ಜನ.

ಮದ್ದು ಬಂದದ್ದು ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿದ್ದ ನ್ಯೂ ಇಂಗ್ಲೆಂಡ್ ಕಾಂಪೌಂಡಿಂಗ್ ಸೆಂಟರ್ ಎಂಬ ಔಷಧಾಲಯದಿಂದ. ಮೂರು ಬ್ಯಾಚು, 17 ಸಾವಿರಕ್ಕೂ ಹೆಚ್ಚು ಬಾಟಲಿ. ತಪಾಸಣೆಗೆ ಹೋದವರಿಗೆ ಒಂದು ಬ್ಯಾಚಿನ ಹಲವು ಬಾಟಲಿಗಳಲ್ಲಿ ಹಸಿರುಗಪ್ಪು ಕಶ್ಮಲ ಬರಿಗಣ್ಣಿಗೇ ಕಂಡಿತು. ಹೆಚ್ಚಿನವರಲ್ಲಿ ಸಿಕ್ಕಿದ್ದು ಎಕ್ಸೆರೋಹೈಲಮ್ ರೋಸ್ಟ್ರೇಟಮ್, ಹುಲ್ಲು-ಗಿಡಗಳಿಗೆ ಹತ್ತುವ ಬೂಷ್ಟು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಲ್ಲಿ 20 ರಾಜ್ಯಗಳ 753 ಮಂದಿಗೆ ಸೋಂಕು ತಗುಲಿತು, 64 ಮಂದಿ ಸತ್ತರು. ಮರುವರ್ಷ ಅಲ್ಲಿ ಇಂಥ ಔಷಧಾಲಯಗಳ ಮೇಲಿನ ಕಾನೂನನ್ನೇ ಬಿಗಿಗೊಳಿಸಿದರು. ಮಾಲೀಕ ಬ್ಯಾರಿ ಕ್ಯಾಡನ್ 2017ರಲ್ಲಿ ವಂಚನೆಯ ಆರೋಪದಲ್ಲಿ ಶಿಕ್ಷೆಗೊಳಗಾದ.

ಆ ಕತೆಯಲ್ಲಿ ಮನೆಯವರು ತಿಳಿದುಕೊಳ್ಳಬೇಕಾದ ಎರಡು ವಿವರಗಳಿವೆ. ಲಕ್ಷಣ ಕಾಣಿಸಿದ್ದು ಹಲವರಲ್ಲಿ ವಾರಗಳ ನಂತರ, ಕೆಲವರಲ್ಲಿ ತಿಂಗಳುಗಳ ನಂತರ. ಅದೂ ಬಿಟ್ಟು ಬಿಟ್ಟು ಬರುವ ತಲೆನೋವಿನಂಥ ಸಣ್ಣ ದೂರುಗಳಾಗಿ. ಇಂಜೆಕ್ಷನ್ ಕೊಟ್ಟ ವೈದ್ಯರೇ ಬೇರೆ, ತಲೆನೋವು ನೋಡಿದ ವೈದ್ಯರೇ ಬೇರೆ. ಆದ್ದರಿಂದ ಬೆನ್ನಿಗೆ ಸೂಜಿ ಬಿದ್ದ ಮೇಲಿನ ಮೂರ್ನಾಲ್ಕು ತಿಂಗಳು, ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ಅವರು ಕೇಳುವ ಮೊದಲೇ ಈ ವಿಷಯ ಹೇಳಿ. ಇಂಜೆಕ್ಷನ್ ದಿನವೇ ಮದ್ದಿನ ಹೆಸರು, ಬ್ಯಾಚ್ ನಂಬರ್ ಕೇಳಿ ಫೈಲಿಗೆ ಸೇರಿಸಿ. ಬಾಟಲಿಯ ಲೇಬಲ್ಲನ್ನು ಫೋನಿನಲ್ಲಿ ಫೋಟೋ ತೆಗೆಯಲು ಬಿಡಿ ಅಂದರೆ ಯಾವ ಒಳ್ಳೆಯ ವೈದ್ಯರೂ ಬೇಡ ಅನ್ನುವುದಿಲ್ಲ.

ಇಂಜೆಕ್ಷನ್ನಿನ ಇನ್ನೊಂದು ಅಪಾಯ ಮದ್ದಿನ ಕೊಳೆಯದ್ದಲ್ಲ, ಮದ್ದಿನದೇ. ಕೆಲವು ಸ್ಟೀರಾಯ್ಡುಗಳು ನೀರಿನಲ್ಲಿ ಕರಗದೆ ಕಣಕಣವಾಗಿ ಇರುತ್ತವೆ. ಸೂಜಿಯ ತುದಿ ಅರಿಯದೆ ರಕ್ತನಾಳದೊಳಗೆ ಹೋದರೆ ಆ ಕಣಗಳು ಬೆನ್ನುಹುರಿಯ ಅಥವಾ ಮೆದುಳಿನ ಸಣ್ಣ ನಾಳಗಳಿಗೆ ಅಡ್ಡ ಕೂರುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರ ಏಪ್ರಿಲ್‌ನಲ್ಲಿ ದೃಷ್ಟಿ ನಾಶ, ಪಾರ್ಶ್ವವಾಯು, ಕಾಲಿನ ಲಕ್ವ, ಸಾವು ಎಂಬ ಎಚ್ಚರಿಕೆಯನ್ನು ಇಂಜೆಕ್ಷನ್ ಸ್ಟೀರಾಯ್ಡುಗಳ ಲೇಬಲ್ಲಿನಲ್ಲಿ ಮುದ್ರಿಸಲು ಆದೇಶಿಸಿತು. ಕುತ್ತಿಗೆಯ ನರಕ್ಕೆ ಪಕ್ಕದಿಂದ ಕೊಡುವ ಇಂಜೆಕ್ಷನ್ನಿನಲ್ಲಿ ಕಣವಿರುವ ಮದ್ದು ಬೇಡ, ಡೆಕ್ಸಾಮೆಥಾಸೋನ್‌ನಂಥ ತಿಳಿ ಮದ್ದು ಬಳಸಿ, ಎಕ್ಸ್‌ರೇ ಪರದೆಯ ಮೇಲೆ ಕಾಣುವ ದ್ರವ ಬಿಟ್ಟು ಸೂಜಿಯ ಜಾಗ ಖಚಿತಪಡಿಸಿಕೊಳ್ಳಿ ಎಂದು ಅಲ್ಲಿನ ತಜ್ಞ ಸಂಘಗಳೂ ಸೇರಿ ಹೇಳಿವೆ. ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ಇಲ್ಲದೆ, ಅಂದಾಜಿನ ಮೇಲೆ ಕುತ್ತಿಗೆಗೆ ಸೂಜಿ ಹಾಕುತ್ತೇನೆ ಎನ್ನುವ ಕ್ಲಿನಿಕ್ಕಿನಿಂದ ಎದ್ದು ಬನ್ನಿ. ಸಕ್ಕರೆ ಕಾಯಿಲೆಯವರಿಗೆ ಈ ಇಂಜೆಕ್ಷನ್ ಆದ ಕೆಲವು ದಿನ ಸಕ್ಕರೆ ಏರುತ್ತದೆ. ಮನೆಯ ಮೀಟರಿನಲ್ಲಿ ದಿನಕ್ಕೆ ಎರಡು ಮೂರು ಸಲ ನೋಡಿಕೊಳ್ಳಿ.

ಮೂಳೆಗೆ ಸಿಮೆಂಟ್ ತುಂಬುವ ಚಿಕಿತ್ಸೆಯಲ್ಲಿ ಅದು ಸೋರಿ ನರಕ್ಕೆ ಒತ್ತಬಹುದು, ರಕ್ತದ ದಾರಿ ಹಿಡಿದು ಶ್ವಾಸಕೋಶಕ್ಕೂ ಹೋಗಬಹುದು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಹೇಳಬೇಕು. 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನ ಪ್ರಕಟಿಸಿತು. ಎರಡರಲ್ಲೂ ಸಿಮೆಂಟ್ ತುಂಬಿಸಿಕೊಂಡವರಿಗೂ ತುಂಬಿದಂತೆ ನಟಿಸಿ ಕಳಿಸಿದವರಿಗೂ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಜ್ಜಿಯ ಮೂಳೆ ಕುಸಿದಿದೆ, ನಾಳೆಯೇ ತುಂಬಿಸೋಣ ಎಂದವರನ್ನು ಈ ಬಗ್ಗೆ ಕೇಳುವುದು ಅಧಿಕಪ್ರಸಂಗವಲ್ಲ.

ಸಹಿ ಹಾಕುವ ಮುನ್ನ

ತೊಡಕು ತಪ್ಪಿಸುವ ಮೊದಲ ದಾರಿ ಬೇಡದ ಆಪರೇಷನ್ ಮಾಡಿಸಿಕೊಳ್ಳದಿರುವುದು. ಡಿಸ್ಕಿನಿಂದ ಬರುವ ಕಾಲುಸೆಳೆತ ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಕಾಲಿನ ಶಕ್ತಿ ಕುಸಿಯುತ್ತಿಲ್ಲ, ಮೂತ್ರದ ತೊಂದರೆ ಇಲ್ಲ ಎಂದಾದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲು ಸಮಯ ಇದ್ದೇ ಇದೆ. ಆಪರೇಷನ್ ಆದ ಮೇಲೂ 100ರಲ್ಲಿ 5ರಿಂದ 15 ಮಂದಿಗೆ ಡಿಸ್ಕ್ ಅದೇ ಜಾಗದಲ್ಲಿ ಮತ್ತೆ ಜಾರುವುದುಂಟು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯ ಎಚ್ಚರದ್ದು. ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದವನ್ನು ನಿಲ್ಲಿಸದೆ ಬೆನ್ನಿಗೆ ಸೂಜಿ ಹಾಕಿದರೆ ಒಳಗೆ ರಕ್ತ ಹೆಪ್ಪುಗಟ್ಟುವ ಅಪಾಯ. ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿ ನಿಲ್ಲಿಸಿದರೆ ಹೃದಯಾಘಾತದ ಅಪಾಯ. ಯಾವ ಮಾತ್ರೆ, ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಮಾಡಬೇಕು ಎಂಬುದನ್ನು ಹೃದಯದ ವೈದ್ಯರೂ ಬೆನ್ನಿನ ವೈದ್ಯರೂ ಮಾತಾಡಿಕೊಂಡು ಬರೆದುಕೊಡಬೇಕು. ನಡುವೆ ನೀವು ದೂತರಾಗಬೇಡಿ, ಒಬ್ಬರ ಎದುರೇ ಇನ್ನೊಬ್ಬರಿಗೆ ಫೋನ್ ಹಚ್ಚಿಸಿ.

ಕನ್ಸೆಂಟ್ ಫಾರ್ಮನ್ನು ಹಿಂದಿನ ದಿನವೇ ಕೇಳಿ ತರಿಸಿಕೊಳ್ಳಿ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ್ದು ಸ್ಪಷ್ಟವಾಗಿದೆ: ಚಿಕಿತ್ಸೆ ಏನು, ಬದಲಿ ದಾರಿ ಯಾವುದು, ಅಪಾಯ ಯಾವುದು ಎಂದು ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು. ಹಾಗಾಗಿ ಈ ವಿಧಾನದಲ್ಲಿ ನಿಮಗೆ ಎಷ್ಟು ಅನುಭವವಿದೆ, ಮಧ್ಯದಲ್ಲಿ ತೊಡಕಾದರೆ ತೆರೆದು ಮಾಡುತ್ತೀರಾ, ಎಂಡೋಸ್ಕೋಪನ್ನು ಒಬ್ಬರಿಂದ ಇನ್ನೊಬ್ಬರಿಗೆ ಬಳಸುವ ನಡುವೆ ಹೇಗೆ ಶುದ್ಧಗೊಳಿಸುತ್ತೀರಿ, ರಾತ್ರಿ ಎರಡಕ್ಕೆ ತೊಂದರೆಯಾದರೆ ಯಾರ ಫೋನಿಗೆ ಮಾಡಬೇಕು, ಆ ಹೊತ್ತಿನಲ್ಲಿ ಇಲ್ಲಿ ಎಂಆರ್‌ಐ ನಡೆಯುತ್ತದೆಯೇ ಎಂದು ಕೇಳಬಹುದು. ಕೊನೆಯ ಎರಡು ಪ್ರಶ್ನೆಗಳನ್ನು ಜನ ಕೇಳುವುದೇ ಇಲ್ಲ. ಉಳಿದೆಲ್ಲಕ್ಕಿಂತ ಅವೇ ಮುಖ್ಯ ಎಂದು ನನಗೆ ತೋರುತ್ತದೆ.

ರಾಯಚೂರಿನಿಂದಲೋ ಚಿಕ್ಕಮಗಳೂರಿನಿಂದಲೋ ಬೆಂಗಳೂರಿಗೆ ಬಂದು ಮಾಡಿಸಿಕೊಂಡವರು ಡಿಸ್ಚಾರ್ಜ್ ಆದ ತಕ್ಷಣ ಗಾಡಿ ಹತ್ತುವುದಕ್ಕಿಂತ ಒಂದೆರಡು ರಾತ್ರಿ ಆಸ್ಪತ್ರೆಯ ಹತ್ತಿರವೇ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯುವುದು ಲೇಸು. ಆ ಖರ್ಚನ್ನು ಮೊದಲೇ ಲೆಕ್ಕದಲ್ಲಿಡಿ. ಊರಿಗೆ ಹೋದ ಮೇಲಾದರೂ ಹತ್ತಿರದ ಯಾವ ಆಸ್ಪತ್ರೆಯಲ್ಲಿ ನ್ಯೂರೋಸರ್ಜನ್ನೂ ಎಂಆರ್‌ಐಯೂ ಇದೆ ಎಂದು ತಿಳಿದಿಟ್ಟುಕೊಳ್ಳಿ.

ಫೋನಿನಲ್ಲಿ ಏನು ಹೇಳಬೇಕು

‘ಡಾಕ್ಟ್ರೇ, ತುಂಬಾ ನೋವು ಅಂತಿದ್ದಾರೆ’ ಎಂದರೆ ‘ಮಾತ್ರೆ ಕೊಡಿ, ಸೋಮವಾರ ಕರ್ಕೊಂಡು ಬನ್ನಿ’ ಎಂಬ ಉತ್ತರ ಬರುವುದು ಸಹಜ. ಹೀಗೆ ಹೇಳಿ ನೋಡಿ: ‘ಮಂಗಳವಾರ ಎಲ್4-ಎಲ್5 ಡಿಸ್ಕ್ ಆಪರೇಷನ್ ಆಗಿದೆ. ನಿನ್ನೆ ರಾತ್ರಿವರೆಗೆ ಬಲಪಾದ ಎತ್ತುತ್ತಿದ್ದರು, ಬೆಳಿಗ್ಗೆಯಿಂದ ಎತ್ತೋಕೆ ಆಗ್ತಿಲ್ಲ. ಎಂಟು ಗಂಟೆಯಿಂದ ಮೂತ್ರ ಹೋಗಿಲ್ಲ. ತೊಡೆಸಂದು ಮರಗಟ್ಟಿದೆ ಅಂತಾರೆ.’ ದಿನ, ಜಾಗ, ಏನಿತ್ತು, ಏನು ಬದಲಾಯಿತು, ಯಾವಾಗಿನಿಂದ. ಇಷ್ಟು ಕೇಳಿದ ಯಾವ ಡ್ಯೂಟಿ ಡಾಕ್ಟರೂ ಸೋಮವಾರದ ಮಾತಾಡುವುದಿಲ್ಲ. ಫೋನ್ ಎತ್ತದಿದ್ದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಡಿಸ್ಚಾರ್ಜ್ ಸಮ್ಮರಿ, ಹಳೆಯ ಎಂಆರ್‌ಐ, ಮಾತ್ರೆಗಳ ಚೀಲ ಕೈಯಲ್ಲಿ ಹಿಡಿದು ಹೊರಡಿ. ಮತ್ತೆ ಆಪರೇಷನ್ ಬೇಕಾಗಬಹುದು ಎಂಬ ಅನುಮಾನವಿದ್ದರೆ ದಾರಿಯಲ್ಲಿ ಕಾಫಿ, ಬಿಸ್ಕತ್ತು ಕೊಡಬೇಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದು ಕಾಲಿನ ರಕ್ತನಾಳದ ಹೆಪ್ಪು ಇರಬಹುದು. ತಿಕ್ಕದೆ ಅದೇ ದಿನ ತೋರಿಸಿ. ಜೊತೆಗೆ ಏದುಸಿರೂ ಬಂದರೆ ಆಗಲೇ ಹೊರಡಬೇಕು.

ತೊಡಕು ಬಂದದ್ದೆಲ್ಲ ವೈದ್ಯರ ನಿರ್ಲಕ್ಷ್ಯವಲ್ಲ. ಪೊರೆ ಹರಿಯುವುದು, ಸೋಂಕು ತಗಲುವುದು ಜಾಗರೂಕರ ಕೈಯಲ್ಲೂ ಆಗುತ್ತದೆ. ಬಂದದ್ದನ್ನು ಹೇಳಿದ ಮೇಲೂ ನೋಡದೆ ಬಿಟ್ಟರೆ ಅದು ಬೇರೆ ಮಾತು. ಯಾವುದಿದ್ದರೂ ದಾಖಲೆ ನಿಮ್ಮ ಕೈಯಲ್ಲಿರಲಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ಕೇಳಿದ 72 ತಾಸಿನೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕು. ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ, ಆಪರೇಷನ್ ನೋಟನ್ನೂ ಸ್ಕ್ರೂ ಅಥವಾ ಸಿಮೆಂಟಿನ ಸ್ಟಿಕ್ಕರನ್ನೂ ಸೇರಿಸಿ ಕೇಳಿ. ಮದ್ದಿನಿಂದಲೋ ಉಪಕರಣದಿಂದಲೋ ಆದ ತೊಂದರೆಯನ್ನು 1800-180-3024 ಎಂಬ ಉಚಿತ ಸಹಾಯವಾಣಿಗೆ ರೋಗಿಯ ಮನೆಯವರೂ ವರದಿ ಮಾಡಬಹುದು. ವೈದ್ಯರ ನಡವಳಿಕೆಯ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಪರಿಹಾರ ಕೇಳುವುದಾದರೆ ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ.